ರೊಟ್ಟಿ ಶೆಡ್ಡಿನಲ್ಲಿ ಹತ್ತದ ಫೋನು: ಸಿಮ್ ಕಂಪನಿ ಬದಲಿಸಬೇಕೋ ಬೇಡವೋ, ಒಂದು ಮನೆಯ ಪ್ರಕರಣ

ಗದಗ-ಬೆಟಗೇರಿಯ ಹಳೆಯ ಓಣಿಯೊಂದರಲ್ಲಿ ನನ್ನ ಅಕ್ಕ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಹುಬ್ಬಳ್ಳಿಯ ಖಾನಾವಳಿಯವರು, ಮದುವೆ-ಕುಬಸದ ಮನೆಯವರು, ಬೆಂಗಳೂರು ಪುಣೆ ಸೇರಿದ ನಮ್ಮ ಕಡೆಯ ಮಂದಿ ಅವಳ ಗಿರಾಕಿಗಳು. ಎಲ್ಲ ವ್ಯವಹಾರ ಒಂದೇ ಮೊಬೈಲ್ ನಂಬರಿನ ಮೇಲೆ. ಪಾಕೀಟಿನ ಮೇಲೂ ಅದೇ ನಂಬರ್ ಅಚ್ಚಾಗಿದೆ. ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಬೇಕೋ (ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಮಾತ್ರ ಬದಲಿಸಬೇಕೋ) ಬೇಡವೋ ಎಂಬ ಪ್ರಶ್ನೆ ಬಂದಾಗ ಅವಳು ನನ್ನನ್ನು ಕರೆದಳು. ನಡೆದದ್ದನ್ನು ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಬೇಡ. ಒಂದನ್ನು ಹಳೆಯ ಕಂಪನಿ, ಇನ್ನೊಂದನ್ನು ಹೊಸ ಕಂಪನಿ ಎನ್ನುತ್ತೇನೆ. ಅವಳ ಓಣಿಯಲ್ಲಿ ಸೋತ ಕಂಪನಿ ನಿಮ್ಮ ಓಣಿಯಲ್ಲಿ ಚೆನ್ನಾಗಿಯೇ ನಡೆಯುತ್ತಿರಬಹುದು.

ಮನೆಯಲ್ಲಿ ನಾಲ್ಕು ನಂಬರ್. ಅಕ್ಕನದು, ಭಾವನದು, ಧಾರವಾಡದಲ್ಲಿ ಓದುವ ಮಗನದು, ಅಕ್ಕನ ಅತ್ತೆಯದು. ನಾಲ್ಕೂ ಹಳೆಯ ಕಂಪನಿಯವೇ. ಪೋರ್ಟ್ ಮಾತು ಮೊದಲು ಎದ್ದದ್ದು 2024ರ ಜುಲೈನಲ್ಲಿ. ಜಿಯೋ, ಏರ್‌ಟೆಲ್, ವಿಐ ಮೂರೂ ಒಂದರ ಹಿಂದೆ ಒಂದು ದರ ಏರಿಸಿದವು. ಬಿಎಸ್‌ಎನ್‌ಎಲ್ ಏರಿಸಲಿಲ್ಲ, ಹಾಗಾಗಿ ಆ ತಿಂಗಳುಗಳಲ್ಲಿ ಬಹಳ ಜನ ಅತ್ತ ಹೋದರು. ಅಕ್ಕನ ಮನೆಯಲ್ಲೂ ‘ನಾಲ್ಕೂ ಒಮ್ಮೆಗೇ ಬದಲಿ ಮಾಡಿಬಿಡೋಣ’ ಎಂಬ ಮಾತಾಯಿತು, ಆಮೇಲೆ ತಣ್ಣಗಾಯಿತು. ಮತ್ತೆ ಎದ್ದದ್ದು ದರದಿಂದಲ್ಲ. ಫೋನು ಹತ್ತದ್ದರಿಂದ.

ರೊಟ್ಟಿ ಮಾಡುವುದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಮುಂದಿನದು ಹಳೆಯ ಮಾಳಿಗೆ ಮನೆ, ಮಣ್ಣಿನ ದಪ್ಪ ಗೋಡೆ. ಬೆಳಗಿನ ಜಾವಕ್ಕೆ ಒಲೆ ಹಚ್ಚಿದರೆ ಹನ್ನೊಂದು ಗಂಟೆವರೆಗೆ ಅಕ್ಕ ಮತ್ತು ಕೆಲಸದ ಹೆಣ್ಣುಮಕ್ಕಳು ಅಲ್ಲೇ ಇರುತ್ತಾರೆ. ಗಿರಾಕಿಗಳು ಫೋನ್ ಮಾಡುವುದೂ ಅದೇ ಹೊತ್ತಿನಲ್ಲಿ, ಏಳರಿಂದ ಹನ್ನೊಂದರೊಳಗೆ. ಫೋನು ಅಕ್ಕನ ಮಗ್ಗುಲಲ್ಲೇ ಇರುತ್ತದೆ, ಆದರೆ ರಿಂಗ್ ಆಗುವುದಿಲ್ಲ. ಅತ್ತ ಫೋನ್ ಮಾಡಿದವರಿಗೆ ‘ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಧ್ವನಿ ಕೇಳುತ್ತದೆ. ಮಧ್ಯಾಹ್ನ ಅಂಗಳಕ್ಕೆ ಬಂದರೆ ಮಿಸ್ಡ್ ಕಾಲ್ ಮೆಸೇಜುಗಳು ಸಾಲಾಗಿ ಬೀಳುತ್ತವೆ.

‘ಅಕ್ಕಾರ, ಮುಂಜಾನಿಂದ ಹಚ್ಚಾಕತ್ತೇನಿ, ನಿಮ್ಮ ಫೋನ್ ಹತ್ತವಲ್ದಲ್ರೀ’ ಎಂದು ಹುಬ್ಬಳ್ಳಿಯ ಖಾನಾವಳಿಯವರೊಬ್ಬರು ಬೇಜಾರು ಮಾಡಿಕೊಂಡರು. ಆಮೇಲೆ ಅವರ ಆರ್ಡರ್ ಬೇರೆಯವರಿಗೆ ಹೋಯಿತು. ಅಕ್ಕನಿಗೆ ರೊಕ್ಕಕ್ಕಿಂತ ಅದು ಜಾಸ್ತಿ ಚುಚ್ಚಿತು. ವರ್ಷಗಟ್ಟಲೆ ಒಂದು ದಿನವೂ ತಪ್ಪಿಸದೆ ಬಸ್ಸಿಗೆ ರೊಟ್ಟಿ ಗಂಟು ಹಾಕಿ ಕಳಿಸಿದವಳು ಅವಳು.

ಎಲ್ಲರ ಹತ್ತಿರವೂ ಒಂದೊಂದು ಸಲಹೆ ಇತ್ತು. ಓಣಿಯ ಹುಡುಗನೊಬ್ಬ ‘ಆ ಕಂಪನಿ ಸಸ್ತಾ ಐತಿ’ ಎಂದ. ಮಗ ‘5ಜಿ ಚೆನ್ನಾಗಿರೋದಕ್ಕೆ ಹೋಗೋಣ’ ಎಂದ. ಭಾವ ‘ಯಾವುದೂ ಅಷ್ಟೇ, ಎಲ್ಲಾ ಒಂದೇ’ ಎಂದರು. ಅತ್ತೆ ‘ನನ್ನ ಫೋನ್ ಮುಟ್ಟಬ್ಯಾಡ್ರಿ’ ಎಂದರು. ಅತ್ತೆಯ ಮಾತೇ ಸರಿ ಎಂದು ಕೊನೆಗೆ ಗೊತ್ತಾಯಿತು. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಮೊದಲು ರೋಗ ಯಾವುದು ನೋಡಬೇಕು

ತಪ್ಪು ಫೋನಿನದೋ ಕಂಪನಿಯದೋ ಎಂಬುದು ಮೊದಲ ಪ್ರಶ್ನೆ. ಬಹಳ ಜನ ಇದನ್ನು ಬಿಟ್ಟು ನೇರ ಅಂಗಡಿಗೆ ಹೋಗುತ್ತಾರೆ. ಹೊಸ ಸಿಮ್ ಬಂದರೂ ಫೋನು ಹತ್ತುವುದಿಲ್ಲ. ನಾವು ಅಕ್ಕನ ಸಿಮ್ಮನ್ನು ಭಾವನ ಫೋನಿಗೆ ಹಾಕಿ ಶೆಡ್ಡಿನಲ್ಲಿಟ್ಟೆವು. ಅಲ್ಲೂ ಅದೇ ಗತಿ. 4ಜಿ ಮೇಲೆ ಕರೆ ನಡೆಸುವ ವೋಲ್ಟೆ ಸೆಟ್ಟಿಂಗ್ ಆನ್ ಇತ್ತು. ಅಂದರೆ ಫೋನು ಸರಿ ಇದೆ.

ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ. ಒಂದು ಫೋನು ಮೂರು ಕಡ್ಡಿ ತೋರಿಸುವ ಕಡೆ ಇನ್ನೊಂದು ಎರಡೇ ತೋರಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ‘ಅಬೌಟ್ ಫೋನ್’, ಅದರೊಳಗೆ ‘ಸಿಮ್ ಸ್ಟೇಟಸ್’ ತೆರೆದರೆ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಅದು ಮೈನಸ್ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಮೈನಸ್ 115 ದಾಟಿದರೆ ಕರೆ ಬರುವುದು ಹೋಗುವುದು ಅದೃಷ್ಟದ ಮಾತು. ಅಂಗಳದಲ್ಲಿ ಹಳೆಯ ಕಂಪನಿ ಮೈನಸ್ 94 ತೋರಿಸಿತು. ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಮೈನಸ್ 119. ಬಾಗಿಲಿನ ಆ ಕಡೆ ಈ ಕಡೆ ನಿಂತು ನೋಡಿದಾಗ ಅಕ್ಕನಿಗೂ ಅರ್ಥವಾಯಿತು.

ತಗಡು ರೇಡಿಯೋ ಅಲೆಯನ್ನು ತಡೆಯುತ್ತದೆ. ಮಣ್ಣು, ಕಲ್ಲಿನ ದಪ್ಪ ಗೋಡೆ ಅದನ್ನು ಹೀರಿಕೊಳ್ಳುತ್ತದೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಅಲೆಗಳು ಗೋಡೆ ದಾಟಿ ಒಳಗೆ ಬರುವುದರಲ್ಲಿ ಗಟ್ಟಿ. 2300ರಂಥ ಮೇಲಿನವು ಬೇಗ ಸೋಲುತ್ತವೆ. 5ಜಿಗೆ ಹೆಚ್ಚಾಗಿ ಬಳಸುವ 3500 ಮೆಗಾಹರ್ಟ್ಸ್ ಇನ್ನೂ ಬೇಗ ಸೋಲುತ್ತದೆ. ಮಗನ 5ಜಿ ಮಾತು ಅಲ್ಲಿಗೆ ಬಿತ್ತು. ಅಂಗಳದಲ್ಲಿ ಸಿನಿಮಾ ಬೇಗ ಡೌನ್‌ಲೋಡ್ ಆದರೆ ಶೆಡ್ಡಿನಲ್ಲಿ ಕೂತ ಅಕ್ಕನಿಗೆ ಏನು ಬಂತು?

ಹಳೆಯ ಕಂಪನಿಗೆ ದೂರನ್ನೂ ಕೊಟ್ಟೆವು. ದೂರಿನ ನಂಬರ್ ಬಂತು, ಒಂದೆರಡು ದಿನಕ್ಕೆ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಮೆಸೇಜೂ ಬಂತು. ಶೆಡ್ಡಿನಲ್ಲಿ ಮೈನಸ್ 119 ಹಾಗೇ ಇತ್ತು. ಆದರೂ ದೂರು ಕೊಟ್ಟೇ ಮುಂದೆ ಹೋಗಬೇಕು ಎನ್ನುವವನು ನಾನು. ಕೆಲವೊಮ್ಮೆ ಹತ್ತಿರದ ಟವರಿನಲ್ಲೇ ದೋಷ ಇರುತ್ತದೆ, ಅದು ಸರಿಯಾದರೆ ಇಷ್ಟೆಲ್ಲ ಮಾಡುವುದೇ ಬೇಡ.

ಬೇರೆ ದಾರಿಗಳೂ ಇದ್ದವು. ಬ್ರಾಡ್‌ಬ್ಯಾಂಡ್ ಹಾಕಿಸಿ ವೈಫೈ ಮೇಲೆ ಕರೆ ತೆಗೆದುಕೊಳ್ಳಬಹುದಿತ್ತು. ಅದಕ್ಕೆ ಪ್ರತಿ ತಿಂಗಳ ಖರ್ಚು, ಮೇಲಾಗಿ ಕರೆಂಟ್ ಹೋದರೆ ಅದೂ ಹೋಯಿತು. ಫೋನನ್ನು ಅಂಗಳದ ಕಿಟಕಿಯಲ್ಲಿಟ್ಟು ದೊಡ್ಡ ರಿಂಗ್ ಹಾಕಬಹುದಿತ್ತು. ಹಿಟ್ಟು ಕಲಸುವ ಮಷಿನ್ ಸದ್ದಿನಲ್ಲಿ ಕೇಳುವುದಿಲ್ಲ, ಕೇಳಿದರೂ ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡಿ ಬರುವುದಾದರೂ ಹೇಗೆ? ಹೊಸ ನಂಬರನ್ನೇ ತೆಗೆದುಕೊಳ್ಳುವ ಮಾತನ್ನು ಅಕ್ಕ ಕೇಳಿಸಿಕೊಳ್ಳಲೂ ಇಲ್ಲ.

ಹಳೆಯ ನಂಬರ್ ಇಟ್ಟುಕೊಂಡೇ ಕಂಪನಿ ಬದಲಿಸುವ ಅವಕಾಶ ದೇಶದಾದ್ಯಂತ ಬಂದದ್ದು 2011ರ ಜನವರಿ 20ರಂದು. ಅದಕ್ಕೂ ಮುಂಚೆ 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾಗಿತ್ತು. 2015ರ ಜುಲೈನಿಂದ ಬೇರೆ ರಾಜ್ಯಕ್ಕೆ ಹೋದರೂ ನಂಬರ್ ಉಳಿಯುತ್ತದೆ. ಅಕ್ಕನಂಥವರಿಗೆ ಇದು ಸಣ್ಣ ಸೌಲಭ್ಯವಲ್ಲ. ಅವಳ ಅಂಗಡಿಗೆ ಬೋರ್ಡ್ ಇಲ್ಲ. ನಂಬರೇ ಬೋರ್ಡ್.

ಪೋರ್ಟ್‌ಗೆ ಮೊದಲು ಒಂದು ಸಣ್ಣ ಸಿಮ್

ಈಗ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಎಲ್ಲೆಲ್ಲಿ ನೆಟ್‌ವರ್ಕ್ ಇದೆ ಎಂಬ ನಕ್ಷೆ ಹಾಕಲೇಬೇಕು. ಫೋನ್ ಕಂಪನಿಗಳಿಗೆ ನಿಯಮ ಹಾಕುವ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮದಲ್ಲಿ ಅದು ಸೇರಿದೆ. ನೋಡಿದೆವು. ಬೆಟಗೇರಿಯ ತುಂಬ ಎಲ್ಲ ಕಂಪನಿಗಳ ಬಣ್ಣವೂ ಇತ್ತು. ಊರು ಆರಿಸಲು ನಕ್ಷೆ ಸಾಕು. ಶೆಡ್ಡಿನ ತಗಡು ನಕ್ಷೆಗೆ ಗೊತ್ತಿರುವುದಿಲ್ಲ.

ಹಾಗಾಗಿ ಓಣಿಯಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇದ್ದವರನ್ನು ಚಹಾಕ್ಕೆ ಕರೆದು ಶೆಡ್ಡಿನಲ್ಲಿ ಕೂರಿಸಿದೆವು. ಒಂದು ಕಂಪನಿಯ ಫೋನು ಒಳಗೂ ಮೈನಸ್ 103 ತೋರಿಸಿತು, ಕರೆಯೂ ಸಲೀಸಾಗಿ ಹತ್ತಿತು. ಅದೇ ನಾನು ಹೇಳುವ ಹೊಸ ಕಂಪನಿ. ಆದರೆ ಒಂದು ಬೆಳಗಿನ ಚಹಾ ನೋಡಿ ವ್ಯಾಪಾರದ ನಂಬರ್ ಒಪ್ಪಿಸುವುದು ಸರಿಯಲ್ಲ. ಒಮ್ಮೆ ಪೋರ್ಟ್ ಆದರೆ 90 ದಿನ ಮತ್ತೆ ಪೋರ್ಟ್ ಮಾಡುವಂತಿಲ್ಲ. ಮೂರು ತಿಂಗಳು ಸಿಕ್ಕಿಬಿದ್ದಂತೆ.

ಅದಕ್ಕೇ ಹೊಸ ಕಂಪನಿಯ ಬೇರೆ ಸಿಮ್ ಒಂದನ್ನು ತಗೊಂಡು ಸಣ್ಣ ಪ್ಯಾಕ್ ಹಾಕಿಸಿ ಫೋನಿನ ಎರಡನೇ ಗೂಡಿಗೆ ಹಾಕಿದೆವು. ಒಂದು ತಿಂಗಳು ಎರಡೂ ಜೊತೆಗೇ ನಡೆದವು. ಆ ಖರ್ಚು ದಂಡ ಅಂತ ಭಾವ ಗೊಣಗಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇಷ್ಟು ಒಳ್ಳೆಯ ಖರ್ಚು ಇನ್ನೊಂದಿಲ್ಲ. ಯಾಕೆಂದರೆ ನಮಗೆ ಗೊತ್ತಿಲ್ಲದ ಒಂದು ಸಂಗತಿ ಅದರಿಂದ ಹೊರಬಿತ್ತು.

ಭಾವ ಜೋಳ ಕೊಳ್ಳಲು ಮುಂಡರಗಿ ಕಡೆ, ಕಪ್ಪತಗುಡ್ಡದ ಬುಡದ ಊರುಗಳಿಗೆ ಹೋಗುತ್ತಾರೆ. ಒಮ್ಮೆ ಆ ಪರೀಕ್ಷೆಯ ಸಿಮ್ ಜೊತೆಗೆ ಒಯ್ದರು. ಗುಡ್ಡದ ಮಗ್ಗುಲಿನಲ್ಲಿ ಹೊಸ ಕಂಪನಿ ಪೂರ್ತಿ ಮಲಗಿತು, ಹಳೆಯದು ಹತ್ತುತ್ತಲೇ ಇತ್ತು. ಬೆಟಗೇರಿಯ ಶೆಡ್ಡಿನಲ್ಲಿ ಸೋತದ್ದು ಗುಡ್ಡದ ಬುಡದಲ್ಲಿ ಗೆದ್ದಿತು. ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಎರಡೂ ಹೆಚ್ಚುಕಡಿಮೆ ಸಮ. ‘ಮನೆಗೆ ಯಾವ ಕಂಪನಿ ಒಳ್ಳೆಯದು’ ಎಂಬ ಪ್ರಶ್ನೆಯನ್ನೇ ನಾವು ಅಲ್ಲಿಗೆ ಬಿಟ್ಟೆವು. ಯಾವ ಫೋನು ಯಾವ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂದು ಒಂದೊಂದನ್ನೇ ನೋಡತೊಡಗಿದೆವು.

ಅತ್ತೆಯದು ಸಾದಾ ಕೀಪ್ಯಾಡ್ ಫೋನು, ಬರೀ 2ಜಿ. ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ, ಅಂಥ ಫೋನಿನಲ್ಲಿ ಅದರ ಸಿಮ್ ನಡೆಯುವುದಿಲ್ಲ. ಬೇರೆ ಕಡೆ ಹೋದರೂ 2ಜಿ ಇದೆಯೇ ಎಂದು ಕೇಳಿಯೇ ಹೋಗಬೇಕು. ಅವರು ಕೂರುವುದು ಅಂಗಳದ ಕಟ್ಟೆಯ ಮೇಲೆ, ಅಲ್ಲಿ ಹಳೆಯ ಕಂಪನಿ ಚೆನ್ನಾಗಿಯೇ ಇದೆ. ಅವರಿಗೆ ಬೇಕಾದದ್ದು ಕಂಪನಿಯಲ್ಲ, ಪ್ಯಾಕ್ ಬದಲಾವಣೆ. ಇಂಟರ್ನೆಟ್ ಮುಟ್ಟದವರು ದಿನಕ್ಕಿಷ್ಟು ಜಿಬಿ ಎಂದು ಯಾಕೆ ಕೊಡಬೇಕು? 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಎಂದಿತು. 2025ರ ಜನವರಿಯಲ್ಲಿ ಅವು ಬಂದವು, ಆ ತಿಂಗಳ ಕೊನೆಯ ಹೊತ್ತಿಗೆ 84 ದಿನಕ್ಕೆ ಜಿಯೋ 448, ಏರ್‌ಟೆಲ್ 469 ರೂಪಾಯಿ ಇಟ್ಟವು, ಅಂದರೆ ದಿನಕ್ಕೆ ಐದೂವರೆ ರೂಪಾಯಿಯ ಆಸುಪಾಸು. ಅಂಗಡಿಯವರು ತಾವಾಗಿ ಇದನ್ನು ಹೇಳುವುದು ಕಮ್ಮಿ. ‘ಬರೀ ಮಾತಾಡೋ ಪ್ಯಾಕ್ ಹಾಕ್ರಿ’ ಎಂದು ಕೇಳಿ ಹಾಕಿಸಬೇಕು.

ದರದ ವಿಷಯದಲ್ಲಿ ಇನ್ನೊಂದು ಮಾತು. ತಿಂಗಳ ಪ್ಯಾಕ್ ಎನ್ನುವುದು ಹೆಚ್ಚಾಗಿ 28 ದಿನದ್ದು. ವರ್ಷಕ್ಕೆ ಹನ್ನೆರಡು ಸಲ ಅಲ್ಲ, ಹದಿಮೂರು ಸಲ ಕರೆನ್ಸಿ ಹಾಕಬೇಕು. 299 ರೂಪಾಯಿಯದಾದರೆ ವರ್ಷಕ್ಕೆ 3,887. ಎರಡು ಕಂಪನಿಗಳ ದರ ತೂಗುವಾಗ ಪ್ಯಾಕಿನ ಬೆಲೆಯನ್ನು ದಿನಕ್ಕೆ ಭಾಗಿಸಿ ನೋಡಿ. ಹಾಗೆ ನೋಡಿದಾಗ ಅಕ್ಕನ ಬಳಕೆಗೆ ಎರಡೂ ಕಂಪನಿಗಳ ನಡುವೆ ವ್ಯತ್ಯಾಸ ಚಿಲ್ಲರೆಯಷ್ಟೇ ಇತ್ತು. ಒಂದು ಮದುವೆ ಆರ್ಡರ್ ಕೈತಪ್ಪಿದರೆ ಹೋಗುವುದರ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಮಗನದು ಬೇಗ ತೀರ್ಮಾನವಾಯಿತು. ಅವನ ನಂಬರಿಗೆ ಇಡೀ ವರ್ಷದ ಪ್ಯಾಕ್ ಹಾಕಿಸಿಯಾಗಿತ್ತು, ಇನ್ನೂ ಅರ್ಧ ವರ್ಷ ಉಳಿದಿತ್ತು. ಪೋರ್ಟ್ ಮಾಡಿದರೆ ಪ್ರೀಪೇಯ್ಡ್‌ನಲ್ಲಿ ಉಳಿದ ದಿನ, ಬ್ಯಾಲೆನ್ಸ್ ಎಲ್ಲ ಹೋಗುತ್ತದೆ. ಸದ್ಯಕ್ಕೆ ಬೇಡ ಎಂದೆವು.

ಕೊನೆಗೆ ಬದಲಿಸಬೇಕಾದದ್ದು ಒಂದೇ ನಂಬರ್. ರೊಟ್ಟಿಯ ನಂಬರ್.

ಸಿಮ್ ಯಾರ ಹೆಸರಿನಲ್ಲಿದೆ?

ಇಲ್ಲಿ ಗಾಡಿ ನಿಂತಿತು. ಆ ಸಿಮ್ ಅಕ್ಕನ ಮಾವನ ಹೆಸರಿನಲ್ಲಿತ್ತು. ಮಾವ ತೀರಿಕೊಂಡು ವರ್ಷಗಳಾಗಿವೆ. ಮನೆಗೆ ಮೊದಲ ಮೊಬೈಲ್ ಬಂದಾಗ ಹಿರಿಯರ ಹೆಸರಿನಲ್ಲಿ ತಗೊಂಡದ್ದು, ಹಾಗೇ ಉಳಿದಿದೆ. ನಮ್ಮ ಕಡೆ ಇಂಥ ಮನೆಗಳು ಎಷ್ಟೋ. ಪೋರ್ಟ್ ಎಂದರೆ ಚಂದಾದಾರರೇ ಗುರುತಿನ ದಾಖಲೆ ಕೊಟ್ಟು ಮಾಡಿಸಬೇಕಾದ ಕೆಲಸ. ತೀರಿಕೊಂಡವರು ಹೆಬ್ಬೆಟ್ಟು ಎಲ್ಲಿಂದ ಕೊಡುತ್ತಾರೆ?

ಮೊದಲು ಹಳೆಯ ಕಂಪನಿಯಲ್ಲೇ ಹೆಸರು ಬದಲಾಯಿಸಬೇಕಾಯಿತು. ಮಾವನ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಅಕ್ಕನ ಆಧಾರ್ ಕೇಳಿದರು. ಒಪ್ಪಿಗೆ ಪತ್ರಕ್ಕೆ ಭಾವನ ತಮ್ಮ ಹಾವೇರಿಯಿಂದ ಬಂದು ಸಹಿ ಹಾಕಿದ. ಹೆಸರು ಬದಲಾವಣೆ ನಡೆಯುತ್ತಿರುವಾಗ ಪೋರ್ಟ್ ಕೇಳಿದರೆ ತಿರಸ್ಕರಿಸುತ್ತಾರೆ, ಅದು ಮುಗಿಯುವವರೆಗೆ ಕಾದೆವು. ಅದರ ಜೊತೆಗೆ ಹೊಸ ಸಿಮ್ ಕಾರ್ಡನ್ನೂ ಕೊಟ್ಟರು. 2024ರ ಜುಲೈ 1ರಿಂದ, ಸಿಮ್ ಬದಲಿಸಿ 7 ದಿನ ಆಗುವವರೆಗೆ ಪೋರ್ಟ್ ಮಾಡಲು ಬೇಕಾದ ಕೋಡ್ ಸಿಗುವುದಿಲ್ಲ. ಕಿರಿಕಿರಿ ಅನ್ನಿಸಿದರೂ ಈ ನಿಯಮ ನಮ್ಮ ಒಳ್ಳೆಯದಕ್ಕೇ ಇದೆ. ಕಳ್ಳರು ಯಾರದೋ ನಂಬರಿಗೆ ನಕಲಿ ಸಿಮ್ ಮಾಡಿಸಿ, ತಕ್ಷಣ ಬೇರೆ ಕಂಪನಿಗೆ ಒಯ್ದು, ಬ್ಯಾಂಕಿನ ಓಟಿಪಿ ಹಿಡಿಯುವುದನ್ನು ತಡೆಯಲಿಕ್ಕೆ ತಂದದ್ದು.

ನಿಮ್ಮ ಮನೆಯಲ್ಲೂ ಹಿರಿಯರ ಹೆಸರಿನ ಸಿಮ್ ಇದ್ದರೆ, ಪೋರ್ಟ್ ಮಾಡಲಿ ಬಿಡಲಿ, ಹೆಸರನ್ನು ಈಗಲೇ ಸರಿ ಮಾಡಿಸಿಕೊಳ್ಳಿ. ಹಿರಿಯರು ಇರುವಾಗಲೇ ಆದರೆ ಕೆಲಸ ಎಷ್ಟೋ ಹಗುರ. ನಿಮ್ಮ ಹೆಸರಿನಲ್ಲಿ ಯಾವ ಯಾವ ನಂಬರ್ ಇವೆ ಎಂಬುದು ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಗೊತ್ತಾಗುತ್ತದೆ.

ಆಮೇಲಿನದು ಸಲೀಸು. ಅದೇ ನಂಬರಿನಿಂದ 1900ಕ್ಕೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ಮೊಬೈಲ್ ನಂಬರ್ ಹಾಕಿ ಎಸ್‌ಎಂಎಸ್ ಕಳಿಸಬೇಕು. ಎಂಟು ಅಕ್ಷರ-ಅಂಕಿಗಳ ಕೋಡ್ ಬರುತ್ತದೆ. ನಮ್ಮ ಕರ್ನಾಟಕದಲ್ಲಿ ಅದಕ್ಕೆ 4 ದಿನ ಆಯುಷ್ಯ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಪೋಸ್ಟ್‌ಪೇಯ್ಡ್ ಆಗಿದ್ದರೆ ಬಿಲ್ ಬಾಕಿ ಇರಬಾರದು.

ಕೋಡ್ ಬಂದ ಮೇಲೆ ಹಳೆಯ ಕಂಪನಿಯ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿ, ಕಡಿಮೆ ದರದ ಪ್ಯಾಕ್ ಕೊಡುತ್ತೇವೆ, ಬಿಡಬೇಡಿ ಮೇಡಂ ಎಂದ. ಅಕ್ಕ ಸಮಾಧಾನದಿಂದಲೇ ಕೇಳಿದಳು: ‘ರೊಕ್ಕದ ಮಾತಲ್ಲಪಾ ತಮ್ಮಾ. ನಾ ಕೂಡೂ ಜಾಗಾದಾಗ ಫೋನ್ ಹತ್ತೂದಿಲ್ಲ. ಅದಕ್ಕೇನ್ ಮಾಡ್ತಿ ಹೇಳು.’ ಅವನ ಹತ್ತಿರ ಉತ್ತರ ಇರಲಿಲ್ಲ. ಅದು ಅವನ ತಪ್ಪೂ ಅಲ್ಲ.

ಅಂಗಡಿಯಲ್ಲಿ ಆಧಾರ್‌ಗೆ ಬೆರಳು ಇಡಿಸಿದರು. ಹಿಡಿಯಲಿಲ್ಲ. ಬಲಗೈ ಬೆರಳು, ಎಡಗೈ ಬೆರಳು, ಒರೆಸಿ ಮತ್ತೆ, ಊಹೂಂ. ರೊಟ್ಟಿ ಬಡಿದೂ ಬಡಿದೂ, ಬಿಸಿ ಹಂಚು ಮುಟ್ಟಿಯೂ ಮುಟ್ಟಿಯೂ ಅಕ್ಕನ ಬೆರಳಿನ ಗೆರೆಗಳೇ ಸವೆದಿವೆ. ಅಂಗಡಿಯ ಹುಡುಗ ‘ಆಗಲ್ರೀ ಅಕ್ಕಾರ, ಬ್ಯಾರೆಯವರ ಹೆಸರಿಲೇ ಮಾಡೋಣು’ ಎಂದ. ಅದಕ್ಕೆ ಮಾತ್ರ ಒಪ್ಪಬಾರದು. ಇಷ್ಟು ಒದ್ದಾಡಿ ಅವಳ ಹೆಸರಿಗೆ ತಂದದ್ದು ಅದಕ್ಕಲ್ಲ. ಬೆರಳು ಹಿಡಿಯದಿದ್ದರೆ ಅಲ್ಲೇ ಎದುರಿಗೆ ಫೋಟೋ ತೆಗೆದು, ದಾಖಲೆಯ ಫೋಟೋ ಹಾಕಿ ಗುರುತು ಖಚಿತಪಡಿಸುವ ಡಿಜಿಟಲ್ ಕೆವೈಸಿ ಇದೆ. ಕೇಳಿದಾಗ ಹುಡುಗ ದೊಡ್ಡ ಅಂಗಡಿಗೆ ಕಳಿಸಿದ, ಅಲ್ಲಿ ಆಯಿತು. ನೇಯುವವರು, ಗಾರೆ ಕೆಲಸದವರು, ಹೊಲದಲ್ಲಿ ದುಡಿಯುವವರು, ಎಲ್ಲರಿಗೂ ಈ ತೊಂದರೆ ಇದೆ. ದುಡಿದ ಕೈಗೆ ‘ಆಗಲ್ಲ’ ಎಂದು ವಾಪಸ್ ಕಳಿಸುವುದು ನನಗೆ ತುಂಬ ನೋವು ಕೊಡುವ ಸಂಗತಿ.

ಒಂದೇ ಟೆಲಿಕಾಂ ವೃತ್ತದೊಳಗಿನ (ನಮಗೆ ಕರ್ನಾಟಕದೊಳಗಿನ) ಪೋರ್ಟ್ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕು. ನಮ್ಮದೂ ಮುಗಿಯಿತು. ಮನಸ್ಸು ಬದಲಾದರೆ ಅರ್ಜಿ ಕೊಟ್ಟ 24 ಗಂಟೆಯೊಳಗೆ 1900ಕ್ಕೇ ಮೆಸೇಜ್ ಕಳಿಸಿ ರದ್ದು ಮಾಡಬಹುದು. ಹಳೆಯ ಸಿಮ್ ಸತ್ತ ಮೇಲೆಯೇ ಹೊಸದನ್ನು ಹಾಕಬೇಕು. ನಡುವೆ ಸ್ವಲ್ಪ ಹೊತ್ತು ಯಾವುದೂ ನಡೆಯುವುದಿಲ್ಲ. ಎಳ್ಳ ಅಮಾವಾಸ್ಯೆ ಕಳೆದು ಆರ್ಡರ್ ಕಡಿಮೆ ಇದ್ದ ವಾರವನ್ನು ಅಕ್ಕ ಆರಿಸಿಕೊಂಡಿದ್ದಳು. ವಾಟ್ಸಾಪ್ ಹಾಗೇ ನಡೆಯಿತು. ಯುಪಿಐ ಆ್ಯಪ್ ಮಾತ್ರ ಸಿಮ್ ಬದಲಾದದ್ದು ಕಂಡು ಮತ್ತೊಮ್ಮೆ ನೋಂದಣಿ ಕೇಳಿತು. ಅದಕ್ಕೆ ಹೊಸ ಸಿಮ್ಮಿನಿಂದ ಎಸ್‌ಎಂಎಸ್ ಹೋಗಬೇಕು, ಹಾಗಾಗಿ ಕರೆನ್ಸಿ ಮೊದಲೇ ಹಾಕಿಸಿರಬೇಕು. ಗೋಡೆಗೆ ಅಂಟಿಸಿದ ಕ್ಯೂಆರ್ ಬದಲಿಸಬೇಕಾಗಲಿಲ್ಲ, ಅದು ಬ್ಯಾಂಕ್ ಖಾತೆಗೆ ಸೇರಿದ್ದು.

ಈಗ ಶೆಡ್ಡಿನಲ್ಲಿ ಫೋನು ಹತ್ತುತ್ತದೆ. ಎಲ್ಲವೂ ಚೆನ್ನಾಗಿದೆ ಎನ್ನುವಂತಿಲ್ಲ. ಸಂಜೆ ಏಳರ ಮೇಲೆ ಹೊಸ ಕಂಪನಿಯ ನೆಟ್ ಮೊದಲಿಗಿಂತ ನಿಧಾನ, ವಿಡಿಯೋ ನಿಂತು ನಿಂತು ಬರುತ್ತದೆ. ಅಕ್ಕ ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ, ಆ ಹೊತ್ತಿಗೆ ಅವಳಿಗೆ ಬೇಕಾದದ್ದು ನಿದ್ದೆ. ಭಾವನ ನಂಬರ್ ಹಳೆಯ ಕಂಪನಿಯಲ್ಲೇ ಇದೆ. ಹೊಸ ಕಂಪನಿ ಕೈಕೊಟ್ಟ ದಿನ ಮನೆಯವರು ಅವರ ಫೋನಿನ ಹಾಟ್‌ಸ್ಪಾಟ್ ಬಳಸುತ್ತಾರೆ. ಖಾನಾವಳಿಯವರಿಗೆ ಅಕ್ಕ ತಾನೇ ಫೋನ್ ಮಾಡಿ ‘ಇನ್ನ ಹತ್ತತೈತ್ರಿ, ಒಮ್ಮೆ ಹಚ್ಚಿ ನೋಡ್ರಿ’ ಎಂದಳು. ವಾರಕ್ಕೊಮ್ಮೆ ಅವರ ಆರ್ಡರ್ ಮತ್ತೆ ಶುರುವಾಗಿದೆ, ಮೊದಲಿನಷ್ಟಲ್ಲ. ಮಗನ ಪ್ಯಾಕ್ ಮುಗಿಯುವುದರೊಳಗೆ ಧಾರವಾಡದ ಹಾಸ್ಟೆಲ್ ರೂಮಿನಲ್ಲಿ ಗೆಳೆಯರ ಸಿಮ್‌ಗಳ ಡಿಬಿಎಂ ಬರೆದಿಟ್ಟುಕೊಳ್ಳಲು ಹೇಳಿದ್ದೇನೆ.